ಗ್ಲಾಕೋಮಾ ಹನಿ ಔಷಧ ಅಂಗಡಿಯಲ್ಲಿ ಸಿಗದಿದ್ದಾಗ: ದಾವಣಗೆರೆಯಲ್ಲಿ ಹುಡುಕುವ ದಾರಿ

ಹೋದ ಏಪ್ರಿಲ್‌ನ ಒಂದು ರಾತ್ರಿ ಅಪ್ಪನ ಕಣ್ಣಿಗೆ ಹನಿ ಹಾಕಲು ಬಾಟಲಿ ತೆಗೆದು ದೀಪಕ್ಕೆ ಹಿಡಿದೆ. ತಳದಲ್ಲಿ ಒಂದು ತೆಳು ಗೆರೆಯಷ್ಟೇ ಔಷಧ ಉಳಿದಿತ್ತು. ಹೆಚ್ಚೆಂದರೆ ಮೂರು ದಿನಕ್ಕೆ ಸಾಲುವಷ್ಟು. ಮರುದಿನ ಬೆಳಿಗ್ಗೆ ಪಿ.ಜೆ. ಬಡಾವಣೆಯಿಂದ ಶುರು ಮಾಡಿ ವಿದ್ಯಾರ್ಥಿ ಭವನ ವೃತ್ತ, ಅಶೋಕ ರಸ್ತೆ, ಮಂಡಿಪೇಟೆ ಎಂದು ಒಂಬತ್ತು ಔಷಧ ಅಂಗಡಿಗಳನ್ನು ಹತ್ತಿಳಿದೆ. ಒಂಬತ್ತರಲ್ಲೂ ಒಂದೇ ಉತ್ತರ: "ಸ್ಟಾಕ್ ಇಲ್ಲ ಅಕ್ಕಾ, ಕಂಪನಿಯಿಂದಲೇ ಬರುತ್ತಿಲ್ಲ."

ಹತ್ತನೆಯ ಅಂಗಡಿಯಲ್ಲಿದ್ದ ಹಿರಿಯರೊಬ್ಬರು ಚೀಟಿಯನ್ನು ಕಣ್ಣಿನ ಹತ್ತಿರ ತಂದು ನಿಧಾನವಾಗಿ ಓದಿದರು. "ಈ ಹೆಸರಿನದು ಇಲ್ಲಮ್ಮ. ಆದರೆ ಇದರೊಳಗೆ ಇರುವುದು ಲಟಾನೊಪ್ರೋಸ್ಟ್. ಅದೇ ಔಷಧ, ಬೇರೆ ಎರಡು ಕಂಪನಿಯದು ನನ್ನ ಫ್ರಿಜ್‌ನಲ್ಲೇ ಇದೆ. ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ ಚೀಟಿ ಬರೆಸಿಕೊಂಡು ಬನ್ನಿ" ಎಂದರು. ಫ್ರಿಜ್‌ನ ಬಾಗಿಲು ತೆರೆದು ತೋರಿಸಿದರು. ಇನ್ಸುಲಿನ್ ಡಬ್ಬಿಗಳ ಪಕ್ಕದಲ್ಲಿ ಬೆರಳುದ್ದದ ಎರಡು ಪೆಟ್ಟಿಗೆಗಳು. ಅಷ್ಟು ಹೊತ್ತು ನಾನು ಕೇಳುತ್ತ ಬಂದದ್ದು ಒಂದು ಕಂಪನಿ ಇಟ್ಟ ಹೆಸರನ್ನು. ಔಷಧದ ಹೆಸರನ್ನು ಒಂದು ಅಂಗಡಿಯಲ್ಲೂ ಕೇಳಿರಲಿಲ್ಲ.

ಅಲ್ಲಿಂದೀಚೆಗೆ ನಮ್ಮ ಬೀದಿಯ ಇಬ್ಬರಿಗೆ, ಜಗಳೂರಿನ ಚಿಕ್ಕಪ್ಪನಿಗೆ, ಹೊಳಲ್ಕೆರೆಯ ಒಬ್ಬ ಅಜ್ಜಿಗೆ ಇದೇ ಹುಡುಕಾಟದಲ್ಲಿ ಜೊತೆಯಾದೆ. ಕಲಿತದ್ದನ್ನೆಲ್ಲ ಒಂದೆಡೆ ಬರೆದಿಡುತ್ತಿದ್ದೇನೆ. ನಾನು ವೈದ್ಯೆಯಲ್ಲ. ಔಷಧ ಬದಲಿಸುವ ಮಾತು ಬಂದಾಗಲೆಲ್ಲ ಕಣ್ಣಿನ ವೈದ್ಯರನ್ನು ಕೇಳಿ ಎಂದೇ ಹೇಳುತ್ತೇನೆ. ಆದರೆ ಏನು ಕೇಳಬೇಕು, ಎಲ್ಲಿ ಕೇಳಬೇಕು ಎಂಬುದು ಗೊತ್ತಿದ್ದರೆ ಅರ್ಧ ಅಲೆದಾಟ ತಪ್ಪುತ್ತದೆ.

ಆತುರ ಏಕೆ ಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗ್ಲಾಕೋಮಾದಲ್ಲಿ ಕಣ್ಣಿನೊಳಗಿನ ಒತ್ತಡ ದೃಷ್ಟಿನರವನ್ನು ಮೆಲ್ಲಮೆಲ್ಲನೆ ಹಾಳು ಮಾಡುತ್ತದೆ. ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ, ನೀರು ಸೋರುವುದಿಲ್ಲ. ಅಂಚಿನ ನೋಟ ಮೊದಲು ಮಸುಕಾಗುತ್ತದೆ, ನಡುವಿನ ನೋಟ ಕೊನೆಯವರೆಗೆ ಚೆನ್ನಾಗಿಯೇ ಇರುತ್ತದೆ. ಹೀಗಾಗಿ ಹನಿ ಹಾಕಿದರೂ ಒಂದೇ, ಬಿಟ್ಟರೂ ಒಂದೇ ಎಂದು ರೋಗಿಗೆ ಅನ್ನಿಸುತ್ತದೆ. ಒಮ್ಮೆ ಹೋದ ನೋಟವನ್ನು ಯಾವ ಔಷಧವೂ, ಯಾವ ಶಸ್ತ್ರಚಿಕಿತ್ಸೆಯೂ ಮರಳಿ ತರುವುದಿಲ್ಲ. ಪೊರೆಯ ಆಪರೇಷನ್‌ನಂತೆ ಮಾಡಿಸಿಕೊಂಡರೆ ಸರಿಹೋಗುತ್ತದೆ ಎಂದು ನಂಬಿ ಕೂತವರನ್ನು ನಾನೇ ನೋಡಿದ್ದೇನೆ. ಅಂಗಡಿಯಲ್ಲಿ ಸಿಗಲಿಲ್ಲವೆಂದು ಒಂದು ತಿಂಗಳು ಸುಮ್ಮನಾದರೆ ಆ ತಿಂಗಳಲ್ಲಿ ಕಳೆದದ್ದು ಕಳೆದಂತೆಯೇ.

ಮೊದಲ ಹೆಜ್ಜೆ: ಎಷ್ಟು ದಿನದ ಹನಿ ಇದೆ?

ಬಾಟಲಿ ಅಲ್ಲಾಡಿಸಿ ಅಂದಾಜು ಮಾಡುವುದು ಬೇಡ, ಲೆಕ್ಕ ಹಾಕಿ. ಲಟಾನೊಪ್ರೋಸ್ಟ್ ಬಾಟಲಿ ಸಾಮಾನ್ಯವಾಗಿ 2.5 ಮಿಲಿಲೀಟರ್‌ನದು. ಅದರಲ್ಲಿ ಸುಮಾರು 80 ಹನಿಗಳಿರುತ್ತವೆ. ಎರಡೂ ಕಣ್ಣಿಗೆ ರಾತ್ರಿ ಒಂದೊಂದು ಹನಿಯೆಂದರೆ ತಿಂಗಳಿಗೆ 60. ಕೈ ನಡುಗಿ ಕೆನ್ನೆಗೆ ಬಿದ್ದದ್ದನ್ನೂ ಸೇರಿಸಿದರೆ ಬಾಟಲಿ ತಿಂಗಳಿಗೆ ಸರಿಯಾಗುತ್ತದೆ. ತೆರೆದ ಬಾಟಲಿಯನ್ನು ಎಷ್ಟು ದಿನ ಬಳಸಬಹುದೆಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ, ಬಹುಪಾಲು ನಾಲ್ಕು ವಾರ. ಗ್ಲಾಕೋಮಾಗೆ ಕೊಡುವ ಬೇರೆ ಹನಿಗಳಾದ ಟಿಮೊಲಾಲ್, ಬ್ರಿಮೊನಿಡಿನ್, ಡಾರ್ಜೊಲಮೈಡ್ ಸಾಮಾನ್ಯವಾಗಿ 5 ಮಿಲಿಲೀಟರ್ ಬಾಟಲಿಯಲ್ಲಿ ಬರುತ್ತವೆ. ಆದರೆ ದಿನಕ್ಕೆ ಎರಡು ಅಥವಾ ಮೂರು ಬಾರಿ ಹಾಕಬೇಕಾದ್ದರಿಂದ ಅವೂ ತಿಂಗಳ ಆಸುಪಾಸಿನಲ್ಲೇ ಮುಗಿಯುತ್ತವೆ.

ಹತ್ತು ದಿನಕ್ಕಿಂತ ಹೆಚ್ಚು ಉಳಿದಿದ್ದರೆ ನಿಶ್ಚಿಂತೆಯಿಂದ ಹುಡುಕಬಹುದು. ಮೂರು ದಿನಕ್ಕಿಂತ ಕಡಿಮೆಯೆಂದರೆ ಮುಂದಿನ ಎರಡು ಹೆಜ್ಜೆಗಳನ್ನು ಇವತ್ತೇ ಮುಗಿಸಿ.

ಎರಡನೆಯದು: ಮೂಲ ಔಷಧದ ಹೆಸರು ಬರೆದುಕೊಳ್ಳಿ

ಇದೊಂದನ್ನು ಮಾಡಿ, ಉಳಿದದ್ದನ್ನೆಲ್ಲ ಮರೆತರೂ ಚಿಂತೆಯಿಲ್ಲ ಎನ್ನುವಷ್ಟು ಇದು ಮುಖ್ಯ. ಹಳೆಯ ಪೆಟ್ಟಿಗೆಯನ್ನು ಎಸೆಯಬೇಡಿ. ಕಂಪನಿ ಇಟ್ಟ ಹೆಸರು ದೊಡ್ಡ ಅಕ್ಷರದಲ್ಲಿದ್ದರೆ, ಅದರ ಕೆಳಗೆ ಇರುವೆಸಾಲಿನಂಥ ಸಣ್ಣ ಅಕ್ಷರದಲ್ಲಿ ಮೂಲ ಔಷಧದ ಹೆಸರೂ ಅದರ ಪ್ರಮಾಣವೂ ಇರುತ್ತವೆ. ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಮೂಲ ಹೆಸರು, ಶೇಕಡಾ ಪ್ರಮಾಣ, ದಿನಕ್ಕೆ ಎಷ್ಟು ಬಾರಿ, ಯಾವ ಕಣ್ಣಿಗೆ. ಅಪ್ಪನ ಹಾಳೆಯಲ್ಲಿ "ಲಟಾನೊಪ್ರೋಸ್ಟ್, ಶೇ 0.005, ರಾತ್ರಿ ಒಮ್ಮೆ, ಎರಡೂ ಕಣ್ಣು" ಎಂದಿದೆ. ಕನ್ನಡದ ಜೊತೆಗೆ ಪೆಟ್ಟಿಗೆಯ ಮೇಲಿದ್ದ ಇಂಗ್ಲಿಷ್ ಅಕ್ಷರಗಳನ್ನೂ ಹಾಗೆಯೇ ನಕಲು ಮಾಡಿಕೊಂಡಿದ್ದೇನೆ, ಅಂಗಡಿಯವರ ಕಂಪ್ಯೂಟರ್‌ನಲ್ಲಿ ಹುಡುಕಲು ಅದೇ ಬೇಕು.

ಗ್ಲಾಕೋಮಾ ಹನಿಗಳಲ್ಲಿ ಕೆಲವು ಬಳಗಗಳಿವೆ. ಲಟಾನೊಪ್ರೋಸ್ಟ್, ಟ್ರಾವೊಪ್ರೋಸ್ಟ್, ಬಿಮಾಟೊಪ್ರೋಸ್ಟ್ ಒಂದು ಬಳಗ. ಹೆಸರಿನ ಬಾಲದಿಂದಲೇ ಗುರುತು ಸಿಗುತ್ತದೆ, ಮೂರನ್ನೂ ಸಾಮಾನ್ಯವಾಗಿ ರಾತ್ರಿ ಒಂದೇ ಸಲ ಹಾಕುತ್ತಾರೆ. ಟಿಮೊಲಾಲ್, ಬೆಟಾಕ್ಸಲಾಲ್ ಇನ್ನೊಂದು ಬಳಗ. ಡಾರ್ಜೊಲಮೈಡ್ ಮತ್ತು ಬ್ರಿಂಜೊಲಮೈಡ್ ಮೂರನೆಯದು. ಬ್ರಿಮೊನಿಡಿನ್‌ನದು ಬೇರೆಯೇ ಮನೆ. ಈ ಬಳಗಗಳನ್ನು ತಿಳಿದುಕೊಂಡರೆ ವೈದ್ಯರ ಜೊತೆ ಮಾತು ಬೇಗ ಮುಗಿಯುತ್ತದೆ. ಅದಕ್ಕಿಂತ ಹೆಚ್ಚಿನ ಅಧಿಕಾರ ನಮಗಿಲ್ಲ. ಒಂದೇ ಬಳಗದ್ದು ತಾನೆ ಎಂದು ನಾವಾಗಿಯೇ ಬದಲಿಸಿಕೊಳ್ಳುವಂತಿಲ್ಲ.

ಮೂರನೆಯದು: ವೈದ್ಯರಿಂದ ಹೊಸ ಚೀಟಿ

ಚೀಟಿಯಲ್ಲಿ ಒಂದು ಕಂಪನಿಯ ಹೆಸರಿದ್ದರೆ ಅಂಗಡಿಯವರು ತಮ್ಮ ಇಷ್ಟಕ್ಕೆ ಬೇರೆ ಕಂಪನಿಯದನ್ನು ಕೊಡುವಂತಿಲ್ಲ. 1945ರ ಔಷಧ ನಿಯಮಗಳಲ್ಲೇ ಹಾಗಿದೆ. ಆ ಹಿರಿಯರು ನನ್ನನ್ನು ವಾಪಸು ಕಳಿಸಿದ್ದು ಇದಕ್ಕೇ. ಆಗ ಬೇಸರವಾಗಿತ್ತು, ಈಗ ಆ ಮನುಷ್ಯನ ಮೇಲೆ ಗೌರವವಿದೆ.

ಫೋನ್ ಮಾಡಿದಾಗ ಅಥವಾ ಹೋದಾಗ ಹೀಗೆ ಕೇಳಿ: "ಸರ್, ತಂದೆಯವರ ಈ ಹನಿ ಊರಿನಲ್ಲಿ ಸಿಗುತ್ತಿಲ್ಲ. ಮೂಲ ಔಷಧದ ಹೆಸರಿನಲ್ಲೇ ಚೀಟಿ ಬರೆದುಕೊಡುತ್ತೀರಾ? ಅದೂ ಸಿಗದಿದ್ದರೆ ಅದೇ ಬಳಗದ ಇನ್ನೊಂದನ್ನು ಎರಡನೆಯ ಆಯ್ಕೆಯಾಗಿ ಬರೆಯಬಹುದೇ?" ಎರಡನೆಯ ಆಯ್ಕೆಯೂ ಅದೇ ಚೀಟಿಯಲ್ಲಿದ್ದರೆ ಮತ್ತೆ ಸರದಿಯಲ್ಲಿ ಕೂರುವುದು ತಪ್ಪುತ್ತದೆ. ಕೆಲವು ವೈದ್ಯರ ಬಳಿ ಕಂಪನಿಯವರು ಕೊಟ್ಟ ಸ್ಯಾಂಪಲ್ ಬಾಟಲಿಗಳಿರುತ್ತವೆ. ಒಂದು ವಾರ ದಾಟಿಸಲು ಅದು ಸಾಕು. ಕೇಳಲು ಸಂಕೋಚ ಬೇಡ.

ಎರಡು ಔಷಧ ಸೇರಿದ ಜೋಡಿ ಹನಿ ಸಿಗದಿದ್ದರೆ ಇನ್ನೊಂದು ದಾರಿಯಿದೆ. ಡಾರ್ಜೊಲಮೈಡ್ ಮತ್ತು ಟಿಮೊಲಾಲ್ ಒಂದೇ ಬಾಟಲಿಯಲ್ಲಿ ಬರುವುದು ನಿಂತುಹೋದರೂ ಎರಡೂ ಬೇರೆ ಬೇರೆ ಬಾಟಲಿಯಲ್ಲಿ ಸಿಗಬಹುದು. ವೈದ್ಯರು ಒಪ್ಪಿದರೆ ಎರಡನ್ನೂ ತಂದು, ಒಂದನ್ನು ಹಾಕಿ ಕನಿಷ್ಠ ಐದು ನಿಮಿಷ ಬಿಟ್ಟು ಇನ್ನೊಂದನ್ನು ಹಾಕಬೇಕು. ತಕ್ಷಣವೇ ಹಾಕಿದರೆ ಎರಡನೆಯ ಹನಿ ಮೊದಲನೆಯದನ್ನು ತೊಳೆದುಬಿಡುತ್ತದೆ. ದಿನಕ್ಕೆ ಎಷ್ಟು ಬಾರಿ ಎಂಬುದು ಜೋಡಿಯಲ್ಲಿದ್ದಾಗ ಒಂದು, ಬಿಡಿಯಾಗಿದ್ದಾಗ ಇನ್ನೊಂದು ಆಗಬಹುದು. ಅದನ್ನು ಚೀಟಿಯಲ್ಲೇ ಬರೆಸಿಕೊಳ್ಳಿ.

'ಟಿ' ಎಂಬ ಒಂದು ಅಕ್ಷರ

ಇದನ್ನು ಬಿಡಿಸಿ ಹೇಳದೆ ಮುಂದೆ ಹೋಗಲಾರೆ. ಆ ಒಂಬತ್ತು ಅಂಗಡಿಗಳಲ್ಲಿ ಒಂದರಲ್ಲಿ, ಸ್ಟಾಕ್ ಇಲ್ಲ ಎಂದ ಮೇಲೆ ಹುಡುಗನೊಬ್ಬ ಒಂದು ಪೆಟ್ಟಿಗೆ ತಂದು ಮುಂದಿಟ್ಟಿದ್ದ. "ಅದೇ ಅಕ್ಕಾ, ಹಿಂದೆ ಒಂದು ಟಿ ಇದೆ ಅಷ್ಟೇ. ಇದು ಇನ್ನೂ ಸ್ಟ್ರಾಂಗ್" ಎಂದ. ಹೆಸರು ಅದೇ, ಪೆಟ್ಟಿಗೆಯ ಬಣ್ಣವೂ ಹೆಚ್ಚುಕಡಿಮೆ ಅದೇ. ದುಡ್ಡು ತೆಗೆಯಲು ಕೈ ಪರ್ಸಿಗೆ ಹೋಗಿತ್ತು. ಏನೋ ಅನುಮಾನ ಬಂದು ಫೋಟೊ ತೆಗೆದು ವೈದ್ಯರಿಗೆ ವಾಟ್ಸ್ಆ್ಯಪ್ ಮಾಡಿದೆ. ಐದು ನಿಮಿಷದಲ್ಲಿ ಅವರೇ ಫೋನ್ ಮಾಡಿದರು: "ಬೇಡ. ನಿಮ್ಮ ತಂದೆಗೆ ಉಬ್ಬಸವಿದೆ. ಇದರಲ್ಲಿ ಟಿಮೊಲಾಲ್ ಸೇರಿದೆ."

ಅಪ್ಪ ಮೂವತ್ತು ವರ್ಷ ಹತ್ತಿ ಗಿರಣಿಯಲ್ಲಿ ದುಡಿದವರು. ಆ ದೂಳು ಅವರ ಎದೆಯಲ್ಲಿ ಉಳಿದಿದೆ, ಚಳಿಗಾಲದಲ್ಲಿ ಉಸಿರಿಗೆ ಒದ್ದಾಡುತ್ತಾರೆ. ಟಿಮೊಲಾಲ್ ಕಣ್ಣಿಗೆ ಹಾಕುವ ಹನಿಯಾದರೂ ಮೂಗಿನ ದಾರಿಯಲ್ಲಿ ಇಳಿದು ರಕ್ತಕ್ಕೆ ಸೇರುತ್ತದೆ. ಉಬ್ಬಸ ಇರುವವರಿಗೆ ಉಸಿರುನಾಳ ಬಿಗಿಯಬಹುದು, ಎದೆಬಡಿತ ಮೊದಲೇ ನಿಧಾನವಾಗಿರುವವರಿಗೆ ಇನ್ನೂ ನಿಧಾನವಾಗಬಹುದು. ಉಬ್ಬಸ, ದೀರ್ಘಕಾಲದ ಶ್ವಾಸಕೋಶದ ತೊಂದರೆ, ಹೃದಯದ ಬ್ಲಾಕ್ (ಎದೆಬಡಿತದ ಸಂಕೇತ ಸಾಗಲು ತಡೆ) ಇರುವವರಿಗೆ ವೈದ್ಯರು ಅದನ್ನು ಬರೆಯುವುದಿಲ್ಲ. ಉಳಿದವರಿಗೆ ಅದು ಬಹಳ ಒಳ್ಳೆಯ, ಅಗ್ಗದ, ಹಳೆಯ ಔಷಧ. ಔಷಧದಲ್ಲಿ ದೋಷವಿಲ್ಲ. ಯಾರಿಗೆ ಎಂಬುದೇ ಪ್ರಶ್ನೆ.

ಹೀಗಾಗಿ ಹೆಸರಿನ ಕೊನೆಯಲ್ಲಿ 'ಟಿ', 'ಪ್ಲಸ್' ಎಂದೇನಾದರೂ ಅಂಟಿಕೊಂಡಿದ್ದರೆ ಇನ್ನೊಂದು ಔಷಧ ಸೇರಿದೆ ಎಂದೇ ತಿಳಿದು, ಸಣ್ಣ ಅಕ್ಷರಗಳನ್ನು ಓದದೆ ಕೊಳ್ಳಬೇಡಿ. ಅದೇ ರೀತಿ ಸಲ್ಫಾ ಔಷಧಕ್ಕೆ ಅಲರ್ಜಿಯಿದ್ದರೆ ಡಾರ್ಜೊಲಮೈಡ್, ಬ್ರಿಂಜೊಲಮೈಡ್ ಬಳಗದ ಬಗ್ಗೆ ವೈದ್ಯರಿಗೆ ಮೊದಲೇ ಹೇಳಿ. ಪುಟ್ಟ ಮಕ್ಕಳಿಗೆ ಬ್ರಿಮೊನಿಡಿನ್ ಅಪಾಯಕಾರಿ. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡುವಂತೆಯೇ ಇಲ್ಲ. ಅಜ್ಜನ ಬಾಟಲಿ ಮೊಮ್ಮಗುವಿನ ಕೈಗೆ ಸಿಗದಂತೆ ಇಡುವುದೂ ಇದಕ್ಕೇ.

ಕಣ್ಣಿಗೆ ಎಂದಾಗ ಕೆಲವರು ಮನೆಯಲ್ಲಿ ಉಳಿದಿದ್ದ ಕೆಂಗಣ್ಣಿನ ಹನಿಯನ್ನೋ ಆಪರೇಷನ್ ನಂತರ ಕೊಟ್ಟಿದ್ದ ಹನಿಯನ್ನೋ ಹಾಕಿಕೊಳ್ಳುತ್ತಾರೆ. ಅವುಗಳಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಮುಂತಾದ ಸ್ಟಿರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಇಳಿಯುವ ಬದಲು ಏರಬಹುದು. ಜೇನುತುಪ್ಪ, ಹರಳೆಣ್ಣೆ, ನಂದಿಬಟ್ಟಲ ಹೂವಿನ ರಸ ಯಾವುದೂ ಈ ಒತ್ತಡವನ್ನು ಇಳಿಸುವುದಿಲ್ಲ. ಪ್ರೀತಿಯಿಂದ ಹೇಳಿಕೊಟ್ಟವರ ಮನಸ್ಸು ನೋಯಿಸುವುದು ಬೇಡ, ಆದರೆ ಕಣ್ಣಿಗೆ ಹಾಕುವುದೂ ಬೇಡ.

ಎಲ್ಲಿ ಹುಡುಕುವುದು

ಹೊಸ ಚೀಟಿ ಕೈಯಲ್ಲಿದ್ದಾಗ ಬೀದಿ ಬೀದಿ ಸುತ್ತುವುದಕ್ಕಿಂತ ಕಣ್ಣಿನ ವಿಭಾಗ ಇರುವ ಆಸ್ಪತ್ರೆಯೊಳಗಿನ ಔಷಧ ಮಳಿಗೆಗೆ ಮೊದಲು ಹೋಗಿ. ಕಾರಣ ಸರಳ. ಮಾಮೂಲಿ ಅಂಗಡಿಗೆ ಈ ಹನಿ ಕೇಳಿಕೊಂಡು ಬರುವವರು ತಿಂಗಳಿಗೆ ನಾಲ್ಕೈದು ಜನ, ಅದಕ್ಕಾಗಿ ಅವರು ದಾಸ್ತಾನು ಇಡುವುದಿಲ್ಲ. ಗ್ಲಾಕೋಮಾ ರೋಗಿಗಳು ದಿನವೂ ಬರುವ ಕಡೆ ಇಡಲೇಬೇಕು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ ಇವೆ. ಚಿತ್ರದುರ್ಗದವರಿಗೆ ಜಿಲ್ಲಾ ಆಸ್ಪತ್ರೆ ಮತ್ತು ಬಸವೇಶ್ವರ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆ. ಸರ್ಕಾರಿ ಆಸ್ಪತ್ರೆಯ ಹನಿ ಬೇಕಿದ್ದರೆ ಅಲ್ಲಿನ ಹೊರರೋಗಿ ಚೀಟಿ ಮಾಡಿಸಿ, ಅಲ್ಲಿನ ಕಣ್ಣಿನ ವೈದ್ಯರಿಂದಲೇ ಬರೆಸಿಕೊಳ್ಳಬೇಕಾಗುತ್ತದೆ. ಬೆಳಿಗ್ಗೆ ಬೇಗ ಹೋಗಿ, ಹಳೆಯ ಕಾಗದಗಳೆಲ್ಲ ಜೊತೆಗಿರಲಿ.

ನಂತರ ಜನೌಷಧಿ ಕೇಂದ್ರ. ಇಲ್ಲಿ ಔಷಧ ಮೂಲ ಹೆಸರಿನಲ್ಲೇ ಸಿಗುತ್ತದೆ, ಆದ್ದರಿಂದ ಎರಡನೆಯ ಹೆಜ್ಜೆ ಮಾಡದೆ ಹೋದರೆ ಬರಿಗೈಯಲ್ಲಿ ಬರುತ್ತೀರಿ. 'ಜನೌಷಧಿ ಸುಗಮ್' ಎಂಬ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರವನ್ನೂ ಔಷಧವನ್ನೂ ಹುಡುಕಬಹುದು. ಉಚಿತ ಸಹಾಯವಾಣಿ 1800 180 8080. ಪಟ್ಟಿಯಲ್ಲಿ ಇರುವುದೇ ಬೇರೆ, ಆ ದಿನ ಆ ಕೇಂದ್ರದ ಕಪಾಟಿನಲ್ಲಿ ಇರುವುದೇ ಬೇರೆ. ಹೊರಡುವ ಮುನ್ನ ಕೇಂದ್ರಕ್ಕೆ ಫೋನ್ ಮಾಡಿ.

ಮೂರನೆಯ ದಾರಿ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ನಿಮ್ಮ ಪರಿಚಯದ ಅಂಗಡಿಯವರನ್ನೇ ಸಗಟು ವ್ಯಾಪಾರಿಯಿಂದ ತರಿಸಿಕೊಡಲು ಕೇಳಿ. "ಇದೆಯಾ?" ಎಂದು ಕೇಳಿದರೆ "ಇಲ್ಲ" ಎಂದು ಮುಗಿಸುತ್ತಾರೆ. "ಅಣ್ಣಾ, ಲಟಾನೊಪ್ರೋಸ್ಟ್, ಯಾವ ಕಂಪನಿಯದಾದರೂ ಸರಿ, ಚೀಟಿ ಇದೆ, ಮುಂಗಡ ಕೊಡುತ್ತೇನೆ, ಸ್ಟಾಕಿಸ್ಟ್‌ಗೆ ಒಂದು ಫೋನ್ ಮಾಡಿ ನೋಡುತ್ತೀರಾ?" ಎಂದರೆ ಫೋನ್ ಎತ್ತುತ್ತಾರೆ. ಮುಂಗಡ ಎನ್ನುವ ಮಾತಿಗೆ ಬಹಳ ಬಲವಿದೆ. ತಂದಮೇಲೆ ಗಿರಾಕಿ ಬಾರದೆ ವಾಯಿದೆ ಮುಗಿದು ನಷ್ಟವಾಗುವ ಹೆದರಿಕೆ ಅವರಿಗಿರುತ್ತದೆ. ಜಗಳೂರಿನ ಚಿಕ್ಕಪ್ಪನಿಗೆ ಹೀಗೆಯೇ ಊರಿನ ಅಂಗಡಿಯವರೇ ಮರುದಿನದ ಮಾಲಿನ ಜೊತೆ ದಾವಣಗೆರೆಯಿಂದ ತರಿಸಿಕೊಟ್ಟರು. ಐವತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದು ಹೋಗುವುದು ತಪ್ಪಿತು. ಈಗ ಪ್ರತಿ ತಿಂಗಳು ಅವರ ಹೆಸರಿನಲ್ಲಿ ಒಂದು ಬಾಟಲಿ ಬಂದು ಕೂತಿರುತ್ತದೆ.

ಇಲ್ಲಿ ಎಲ್ಲೂ ಇಲ್ಲವೆಂದಾದರೆ ಹೊರಗೆ ನೋಡಿ. ಶಿವಮೊಗ್ಗದಲ್ಲಿ ಶಂಕರ ಕಣ್ಣಿನ ಆಸ್ಪತ್ರೆ ಇದೆ, ಹುಬ್ಬಳ್ಳಿಯಲ್ಲಿ ಎಂ.ಎಂ. ಜೋಶಿ ನೇತ್ರ ಸಂಸ್ಥೆ ಇದೆ, ಬೆಂಗಳೂರಿನಲ್ಲಿ 1896ರಿಂದ ಇರುವ ಸರ್ಕಾರಿ ಮಿಂಟೊ ಕಣ್ಣಿನ ಆಸ್ಪತ್ರೆ ಇದೆ. ಕಣ್ಣಿಗೆಂದೇ ಇರುವ ಆಸ್ಪತ್ರೆಗಳ ಒಳಗೂ ಆಸುಪಾಸಿನಲ್ಲೂ ಇರುವ ಔಷಧ ಮಳಿಗೆಗಳಲ್ಲಿ ಈ ಹನಿಗಳು ಸಿಗುವ ಸಾಧ್ಯತೆ ಹೆಚ್ಚು. ಬೆಂಗಳೂರಿನಲ್ಲಿ ಓದುವ, ದುಡಿಯುವ ಮಕ್ಕಳಿಲ್ಲದ ಮನೆ ನಮ್ಮೂರಿನಲ್ಲಿ ಕಡಿಮೆ. ಚೀಟಿಯ ಸ್ಪಷ್ಟ ಫೋಟೊ ಕಳಿಸಿ, ವಾರದ ಕೊನೆಗೆ ಬರುವಾಗ ತರಲು ಹೇಳಿ.

ಆನ್‌ಲೈನ್‌ನಲ್ಲಿ ತರಿಸಬಹುದು, ಚೀಟಿ ಕೇಳುವ ಕಡೆಯೇ ತರಿಸಿ. ಚೀಟಿ ಕೇಳದೆ ಕಳಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಬಿಲ್ಲು, ಸೀಲು, ಬ್ಯಾಚ್ ಸಂಖ್ಯೆ, ವಾಯಿದೆ ತಾರೀಖು ನಾಲ್ಕನ್ನೂ ನೋಡಿಯೇ ತೆರೆಯಿರಿ.

ಬಿಸಿಲಿನಲ್ಲಿ ತರುವುದು

ಲಟಾನೊಪ್ರೋಸ್ಟ್‌ನ ಬಹುಪಾಲು ಬಾಟಲಿಗಳನ್ನು ತೆರೆಯುವ ಮುನ್ನ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ತೆರೆದ ಮೇಲೆ 25 ಡಿಗ್ರಿಯವರೆಗೆ ಹೊರಗಿಡಬಹುದು ಎಂದಿರುತ್ತದೆ. ನಮ್ಮ ದಾವಣಗೆರೆಯ ಏಪ್ರಿಲ್‌ನಲ್ಲಿ ಮನೆಯೊಳಗೇ ಅದಕ್ಕಿಂತ ಹೆಚ್ಚಿರುವುದರಿಂದ ನಾನು ತೆರೆದದ್ದನ್ನೂ ಫ್ರಿಜ್‌ನಲ್ಲೇ ಇಡುತ್ತೇನೆ. ಫ್ರೀಜರ್‌ನಲ್ಲಿ ಇಡಬಾರದು, ಹೆಪ್ಪುಗಟ್ಟಿದರೆ ಔಷಧ ಕೆಡುತ್ತದೆ. ಫ್ರಿಜ್ ಬೇಡದ ಲಟಾನೊಪ್ರೋಸ್ಟ್ ಕೂಡ ತಯಾರಾಗುತ್ತದೆ. ಹಳ್ಳಿಯಲ್ಲಿ ಫ್ರಿಜ್ ಇಲ್ಲದವರು ವೈದ್ಯರಿಗೆ ಅದನ್ನು ತಿಳಿಸಿದರೆ ತಕ್ಕದ್ದನ್ನು ಬರೆದುಕೊಡುತ್ತಾರೆ. ಟ್ರಾವೊಪ್ರೋಸ್ಟ್‌ಗೂ ಸಾಮಾನ್ಯವಾಗಿ ಫ್ರಿಜ್ ಬೇಕಿಲ್ಲ. ಪೆಟ್ಟಿಗೆಯ ಮೇಲಿನ ಸಾಲನ್ನೇ ನಂಬಿ.

ದೂರದಿಂದ ತರುವಾಗ ಬಾಯಗಲದ ಒಂದು ಸಣ್ಣ ಫ್ಲಾಸ್ಕ್ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕೈದು ಮಂಜುಗಡ್ಡೆ ಕಟ್ಟಿ ತಳಕ್ಕೆ ಹಾಕಿ, ಮೇಲೆ ಮಡಿಸಿದ ಕರವಸ್ತ್ರ, ಅದರ ಮೇಲೆ ಔಷಧದ ಪೆಟ್ಟಿಗೆ. ಪೆಟ್ಟಿಗೆ ಮಂಜುಗಡ್ಡೆಗೆ ನೇರವಾಗಿ ತಾಗಬಾರದು. ನನ್ನ ತಮ್ಮ ಬೆಂಗಳೂರಿನಿಂದ ಜನಶತಾಬ್ದಿ ರೈಲಿನಲ್ಲಿ ಹೀಗೆಯೇ ತಂದ. ಮನೆಗೆ ಬಂದಾಗಲೂ ಕರವಸ್ತ್ರ ತಣ್ಣಗಿತ್ತು. ಬಸ್ಸಿನ ಪಾರ್ಸೆಲ್‌ನಲ್ಲಿ ಹಾಕಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ, ಮಧ್ಯಾಹ್ನದ ಡಿಕ್ಕಿಯ ಕಾವು ಎಷ್ಟಿರುತ್ತದೆಂದು ಹೆದ್ದಾರಿಯಲ್ಲಿ ಓಡಾಡಿದವರಿಗೆ ಗೊತ್ತು.

ಸಿಗುವವರೆಗೆ ಏನು ಮಾಡುವುದು

ಹೊಳಲ್ಕೆರೆಯ ಅಜ್ಜಿ ಬಾಟಲಿ ಮುಗಿಯದಿರಲೆಂದು ಒಂದು ದಿನ ಬಿಟ್ಟು ಒಂದು ದಿನ ಹಾಕಿಕೊಳ್ಳುತ್ತಿದ್ದರು. ಮಗನಿಗೆ ಖರ್ಚು ಕಡಿಮೆಯಾಗಲಿ ಎಂಬ ಕಾಳಜಿ. ಹಾಗೆ ಮಾಡಬಾರದು. ಹನಿ ಕಡಿಮೆಯಿದ್ದರೆ ಮಿಗಿಸುವ ಸರಿಯಾದ ಕ್ರಮ ಬೇರೆ ಇದೆ, ಅದು ಪೋಲು ತಪ್ಪಿಸುವುದು. ಕಣ್ಣಿನಲ್ಲಿ ಒಂದು ಹನಿಗೂ ಪೂರ್ತಿ ಜಾಗವಿಲ್ಲ, ಎರಡನೆಯ ಹನಿ ಕೆನ್ನೆಯ ಪಾಲು. ತಲೆ ಹಿಂದಕ್ಕೆ ವಾಲಿಸಿ, ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು, ಅಲ್ಲಿ ಮೂಡುವ ಬೊಗಸೆಯಂಥ ಜಾಗಕ್ಕೆ ಒಂದೇ ಹನಿ ಬಿಡಿ. ಬಾಟಲಿಯ ತುದಿ ರೆಪ್ಪೆಗೆ ತಾಗದಿರಲಿ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಔಷಧ ಕಣ್ಣಿನಲ್ಲೇ ಉಳಿಯುತ್ತದೆ, ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ. ಕೈ ನಡುಗುವವರಿಗೆ ಮನೆಯವರೇ ಹಾಕಿ. ಹೀಗೆ ಮಾಡಿದ ಮೇಲೆ ಅಜ್ಜಿಯ ಬಾಟಲಿ ವಾರ ಮೊದಲೇ ಬರಿದಾಗುವುದು ನಿಂತಿದೆ.

ನೀರು ಬೆರೆಸುವುದು, ಪಕ್ಕದ ಮನೆಯವರ ತೆರೆದ ಬಾಟಲಿ ಹಂಚಿಕೊಳ್ಳುವುದು, ವಾಯಿದೆ ಮುಗಿದದ್ದನ್ನು ಹಾಕುವುದು ಬೇಡ. ಒಂದು ರಾತ್ರಿ ತಪ್ಪಿದರೆ ಗಾಬರಿಯಾಗಬೇಡಿ, ಮರುದಿನ ಎಂದಿನ ಹೊತ್ತಿಗೆ ಎಂದಿನ ಒಂದೇ ಹನಿ ಹಾಕಿ. ತಪ್ಪಿದ್ದಕ್ಕೆ ಎರಡು ಬಾರಿ ಹಾಕಿದರೆ ಲಾಭವಿಲ್ಲ. ಲಟಾನೊಪ್ರೋಸ್ಟ್ ಅನ್ನು ದಿನಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಹಾಕಿದರೆ ಅದರ ಪರಿಣಾಮ ಕುಗ್ಗಲೂಬಹುದು. ಎರಡು ಮೂರು ದಿನವಾದರೂ ಸಿಗದಿದ್ದರೆ ಅದು ವೈದ್ಯರಿಗೆ ಗೊತ್ತಿರಬೇಕು. ಅವರು ಬೇರೆ ಹನಿ ಕೊಡಬಹುದು, ಕೆಲವು ದಿನಗಳಿಗೆ ಕಣ್ಣಿನ ಒತ್ತಡ ಇಳಿಸುವ ಅಸೆಟಜೋಲಮೈಡ್ ಮಾತ್ರೆ ಬರೆಯಬಹುದು. ಮೂತ್ರಪಿಂಡದ ತೊಂದರೆ, ಕಲ್ಲು ಇದ್ದವರು ಆ ಮಾತ್ರೆಯ ಮಾತು ಬಂದಾಗಲೇ ಹೇಳಿಬಿಡಿ. ಪ್ರತಿ ತಿಂಗಳೂ ಇದೇ ಪಾಡಾದರೆ ಲೇಸರ್ ಚಿಕಿತ್ಸೆ ನಮಗೆ ಹೊಂದುತ್ತದೆಯೇ ಎಂದು ಕೇಳಿ. ಕೆಲವು ಬಗೆಯ ಗ್ಲಾಕೋಮಾದಲ್ಲಿ ಅದರಿಂದ ಹನಿಯ ಅವಲಂಬನೆ ಕಡಿಮೆಯಾಗುತ್ತದೆ.

ಕಣ್ಣಿನಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ಅದೇ ಬದಿಯ ತಲೆನೋವು, ವಾಂತಿ, ಕಣ್ಣು ಕೆಂಪಾಗಿ ನೋಟ ಮಂಜಾಗುವುದು, ದೀಪದ ಸುತ್ತ ಕಾಮನಬಿಲ್ಲಿನಂಥ ಬಳೆ ಕಾಣುವುದು ಇವು ಬಂದರೆ ಹನಿ ಹುಡುಕುತ್ತ ಕೂರಬೇಡಿ. ಅದು ತುರ್ತು. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ವಾಂತಿ, ತಲೆನೋವು ಎಂದು ಪಿತ್ತದ ಮಾತ್ರೆ ನುಂಗಿ ಮಲಗಿದವರು ಬೆಳಿಗ್ಗೆ ಏಳುವಷ್ಟರಲ್ಲಿ ಆ ಕಣ್ಣಿನ ನೋಟಕ್ಕೆ ಸರಿಪಡಿಸಲಾಗದ ಹಾನಿಯಾಗಿರಬಹುದು.

ದೂರು ಕೊಡಿ

ಸಿಕ್ಕಿತಲ್ಲ, ಇನ್ನೇಕೆ ಎಂದು ಬಿಡಬೇಡಿ. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಲಟಾನೊಪ್ರೋಸ್ಟ್, ಟಿಮೊಲಾಲ್ ಎರಡೂ ಇವೆ. ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧದ ತಯಾರಿಕೆ ನಿಲ್ಲಿಸಬೇಕಾದರೆ ಕಂಪನಿ ಆರು ತಿಂಗಳು ಮೊದಲೇ ಸಾರ್ವಜನಿಕ ಪ್ರಕಟಣೆ ಕೊಟ್ಟು ಸರ್ಕಾರಕ್ಕೆ ತಿಳಿಸಬೇಕೆಂದು 2013ರ ಔಷಧ ಬೆಲೆ ನಿಯಂತ್ರಣ ಆದೇಶ ಹೇಳುತ್ತದೆ. ಔಷಧ ಸಿಗುತ್ತಿಲ್ಲವೆಂದೋ ಮುದ್ರಿತ ಬೆಲೆಗಿಂತ ಹೆಚ್ಚು ಕೇಳುತ್ತಿದ್ದಾರೆಂದೋ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರಕ್ಕೆ ದೂರು ಕೊಡಬಹುದು. 'ಫಾರ್ಮಾ ಜನ್ ಸಮಾಧಾನ್' ಎಂಬ ಅವರ ವ್ಯವಸ್ಥೆ 2015ರಿಂದ ಇದೆ, ಉಚಿತ ಸಹಾಯವಾಣಿ 1800 111 255. ಔಷಧದ ಹೆಸರು, ಪ್ರಮಾಣ, ಕಂಪನಿ, ಯಾವ ಊರು, ಎಷ್ಟು ಅಂಗಡಿ ಸುತ್ತಿದಿರಿ ಎಂಬುದನ್ನು ಬರೆದಿಟ್ಟುಕೊಂಡು ಕರೆ ಮಾಡಿ. ಬೆಲೆ ಹೋಲಿಸಿ ನೋಡಲು 'ಫಾರ್ಮಾ ಸಹಿ ದಾಮ್' ಆ್ಯಪ್ ಇದೆ. ನಾನು ಕರೆ ಮಾಡಿದಾಗ ನನ್ನ ಒಂಬತ್ತು ಅಂಗಡಿಗಳ ಪಟ್ಟಿ ಬಹಳ ಉಪಯೋಗಕ್ಕೆ ಬಂತು.

ಮುಂದಿನ ಬಾಟಲಿ

ಹೊಸ ಬಾಟಲಿ ತೆರೆದ ದಿನವೇ ಅದರ ಮೇಲೆ ಬಿಳಿ ಟೇಪ್ ಅಂಟಿಸಿ ತಾರೀಖು ಬರೆಯುತ್ತೇನೆ. ಅದೇ ಹೊತ್ತಿಗೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹದಿನೈದನೆಯ ದಿನಕ್ಕೆ ಒಂದು ಸುತ್ತು. ಆ ದಿನ ಮುಂದಿನ ಬಾಟಲಿ ಕೊಳ್ಳಬೇಕು. ಅಂದರೆ ತೆರೆದದ್ದು ಮುಗಿಯುವ ಸುಮಾರು ಎರಡು ವಾರ ಮೊದಲೇ ಮನೆಯಲ್ಲಿ ತೆರೆಯದ್ದೊಂದು ಇರುತ್ತದೆ. ಅದಕ್ಕಿಂತ ಹೆಚ್ಚು ಕೂಡಿಡುವುದಿಲ್ಲ. ನಾನು ಐದು ತಂದಿಟ್ಟರೆ ಇನ್ನು ನಾಲ್ಕು ಮನೆಯವರು ಅಂಗಡಿ ಸುತ್ತಬೇಕಾಗುತ್ತದೆ. ಹಬ್ಬಗಳ ಸಾಲು ರಜೆ ಬಂದಾಗ ಮಾತ್ರ ಸುತ್ತನ್ನು ಒಂದು ವಾರ ಹಿಂದಕ್ಕೆ ತರುತ್ತೇನೆ.

ನಾಲ್ಕು ವಿಷಯ ಬರೆದ ಆ ಹಾಳೆಯ ಒಂದು ಪ್ರತಿ ಫ್ರಿಜ್‌ನ ಬಾಗಿಲಿನ ಮೇಲಿದೆ, ಇನ್ನೊಂದು ಅಪ್ಪನ ಅಂಗಿಯ ಜೇಬಿನಲ್ಲಿ. ಕೆಳಗೆ ಕೆಂಪು ಶಾಯಿಯಲ್ಲಿ "ಉಬ್ಬಸ ಇದೆ, ಟಿಮೊಲಾಲ್ ಬೇಡ" ಎಂದು ಬರೆದಿದ್ದೇನೆ. ಊರಿಗೆ ಹೋದಾಗ ಬಾಟಲಿ ಮರೆತರೆ ಅವರೇ ಯಾವ ಅಂಗಡಿಯಲ್ಲಾದರೂ ಅದನ್ನು ತೆಗೆದು ತೋರಿಸುತ್ತಾರೆ.